ಹಾಕಿ ನೋಡೂದಷ್ಟೇ, ಬಿಚ್ಚಿ ತರ್ತೇನಿ

ಕಾರಿನ ಬಾನೆಟ್ಟು ಎತ್ತಿದ ಕಡೆಯಲ್ಲೆಲ್ಲ ಏನಾದರೊಂದು ನಗೆಪಾಟಲು ನನಗಾಗಿಯೇ ಕಾದು ಕುಳಿತಿರುತ್ತದೆ. ನಾನಾಗಿ ಹುಡುಕಿಕೊಂಡು ಹೋಗುವವನಲ್ಲ. ಸ್ಕ್ರೂಡ್ರೈವರ್ ಹಿಡಿದು ಹೋಗುತ್ತೇನೆ, ಬರುವಾಗ ಒಂದು ಕಥೆ ಹಿಡಿದುಕೊಂಡು ಬರುತ್ತೇನೆ. "ನಿಮ್ಮ ಕೈಯಾಗ ಏನೋ ಅದ ಬಿಡ್ರಿ" ಎನ್ನುತ್ತಾಳೆ ಹೆಂಡತಿ. ಹೊಗಳಿದಳೋ ಬೈದಳೋ ಎಂದು ಕೇಳುವ ಧೈರ್ಯವನ್ನು ನಾನು ಇನ್ನೂ ಮಾಡಿಲ್ಲ.

ಆಳಂದದಲ್ಲಿ ನನ್ನದೊಂದು ಸಣ್ಣ ಗ್ಯಾರೇಜು. ಅಫಜಲಪುರ, ಜೇವರ್ಗಿ ಕಡೆಯಿಂದ ಫೋನ್ ಬಂದರೆ ಬೈಕ್ ಹತ್ತಿ ಹೋಗುತ್ತೇನೆ. ಈಗಿನ ಪೆಟ್ರೋಲ್ ಕಾರುಗಳಲ್ಲಿ ಎಂಜಿನ್ನಿಗೆ ಎಷ್ಟು ಪೆಟ್ರೋಲ್ ಬಿಡಬೇಕೆಂದು ಲೆಕ್ಕ ಹಾಕುವುದು ಒಂದು ಪುಟ್ಟ ಕಂಪ್ಯೂಟರು. ಎಂಜಿನ್ ಎಷ್ಟು ಗಾಳಿ ಎಳೆದುಕೊಳ್ಳುತ್ತಿದೆ ಎಂದು ಅದಕ್ಕೆ ಸುದ್ದಿ ಮುಟ್ಟಿಸುವುದು ಬೆಂಕಿಪೆಟ್ಟಿಗೆಯಷ್ಟಿರುವ ಪ್ರೆಶರ್ ಸೆನ್ಸರು. ಅದರ ಸುತ್ತಮುತ್ತ ಕಿರುಬೆರಳಿಗಿಂತ ತೆಳ್ಳಗಿನ ರಬ್ಬರ್ ಪೈಪುಗಳು, ನಾವು ವ್ಯಾಕ್ಯೂಮ್ ಪೈಪ್ ಅನ್ನುವುದು. ಅವುಗಳಲ್ಲಿ ಒಂದು ಸ್ವಲ್ಪ ಸೀಳಿದರೆ ಸಾಕು, ಕಳ್ಳಗಾಳಿ ಒಳಗೆ ನುಗ್ಗಿ ಸೆನ್ಸರಿನ ತಲೆ ಕೆಡಿಸುತ್ತದೆ. ಆಗ ನಿಂತ ಗಾಡಿಯ ಎಂಜಿನ್ನು ಊಂ ಎಂದು ತಾನೇ ಏರುತ್ತದೆ, ಉಸ್ಸೆಂದು ತಾನೇ ಇಳಿಯುತ್ತದೆ.

ಆ ಸೀಳು ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಮಾತ್ರ ಸಿಗುತ್ತದೆ. ಒಂದು ಮೊಳ ಪೈಪಿನ ಒಂದು ತುದಿಯನ್ನು ಕಿವಿಗಿಟ್ಟುಕೊಂಡು ಇನ್ನೊಂದು ತುದಿಯನ್ನು ಎಂಜಿನ್ನಿನ ಮೇಲೆ ಮೆಲ್ಲಗೆ ಆಡಿಸಬೇಕು. ಎಲ್ಲೋ ಒಂದು ಕಡೆ ಸ್ಸ್ಸ್ ಎಂದು ಸಣ್ಣಗೆ ಕೇಳಿಸುತ್ತದೆ. ಅದನ್ನು ಕೇಳುತ್ತ ಕೇಳುತ್ತ ನನಗೆ ಏನೋ ಆಗುತ್ತದೆ. ತೊಗರಿ ಹೊಲದ ಮೇಲೆ ಗಾಳಿ ಹಾದುಹೋದಂತೆ, ಭೀಮಾ ದಂಡೆಯಲ್ಲಿ ಯಾರೋ ನನ್ನ ಹೆಸರು ಹಿಡಿದು ಪಿಸುಗುಟ್ಟಿದಂತೆ. ಕೈ ಕೆಲಸ ಮಾಡುತ್ತಿರುತ್ತದೆ, ನಾನು ಅಲ್ಲಿರುವುದಿಲ್ಲ.

ಇನ್ನೊಂದು ಚಾಳಿಯೂ ಉಂಟು, ಅದು ನನ್ನೊಬ್ಬನದಲ್ಲ, ಕಸುಬಿನದು. ಯಾವುದಾದರೂ ಭಾಗ ಕೆಟ್ಟಿದೆ ಎಂದು ಅನುಮಾನ ಬಂದರೆ ಒಳ್ಳೆಯ ಗಾಡಿಯದನ್ನು ಬಿಚ್ಚಿ ಇದಕ್ಕೆ ಹಾಕಿ ನೋಡುವುದು. ಒಳ್ಳೆಯ ಗಾಡಿ ಎಲ್ಲಿಂದ ತರುವುದು? ನಮ್ಮ ಮನೆಯ ಮುಂದೆ ಬೇವಿನ ಗಿಡದ ಕೆಳಗೆ ಒಂದಿದೆ. ಬಿಳಿ ಬಣ್ಣದ್ದು, ಸೆಕೆಂಡ್ ಹ್ಯಾಂಡು. ಅದು ಹೆಂಡತಿಯದು.

ಅವಳ ತವರು ಜೇವರ್ಗಿಯ ಆಚೆ. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗಿ ಜೋಕಾಲಿ ಆಡುವುದು ನಮ್ಮ ಕಡೆಯ ಪದ್ಧತಿ, ಅಣ್ಣನೋ ತಮ್ಮನೋ ಬಂದು ಕರೆದುಕೊಂಡು ಹೋಗಬೇಕು. ಪ್ರತಿ ವರ್ಷ ಅವಳ ತಮ್ಮ ಬರುತ್ತಾನೆ. ಈ ವರ್ಷ ಅವಳಿಗೆ ಒಂದೇ ಹಟ: ತಾನೇ ಕಾರು ಹೊಡೆದುಕೊಂಡು ತವರಿನ ಬಾಗಿಲಲ್ಲಿ ಇಳಿಯಬೇಕು. ಕಾರು ಕಲಿತಿದ್ದಾಳೆ, ಲೈಸೆನ್ಸೂ ಬಂದಿದೆ. ಗಾಡಿಯಲ್ಲಿ ಮಾತ್ರ ಯಾವತ್ತೂ ಏನಾದರೊಂದು ಇರುವುದಿಲ್ಲ, ನಾನು ಬಿಚ್ಚಿಕೊಂಡು ಹೋಗಿರುತ್ತೇನೆ. ಮಧ್ಯಾಹ್ನ ಕೆಲಸ ಮುಗಿಸಿ ಅವಳು ಆ ನಿಂತ ಕಾರಿನಲ್ಲಿ ಕೂತು ಸ್ಟೇರಿಂಗ್ ತಿರುಗಿಸುತ್ತಾಳೆ. ಬೇವಿನ ನೆರಳು ಗಾಜಿನ ಮೇಲೆ ಅತ್ತಿತ್ತ ಓಡಾಡುತ್ತದೆ, ಪಕ್ಕದ ಮನೆಯ ಕೋಳಿ ಟಾಪಿನ ಮೇಲೆ ಕೂತಿರುತ್ತದೆ. ನಾನು ಊಟಕ್ಕೆ ಬಂದರೆ, "ಇವತ್ತ ಭೀಮಾ ಬ್ರಿಜ್ ದಾಟಿದೆ ನೋಡ್ರಿ" ಎನ್ನುತ್ತಾಳೆ. ನಾನು, "ನೀರು ಎಷ್ಟಿತ್ತು?" ಎನ್ನುತ್ತೇನೆ. ಕನಸಿನ ವಿಷಯದಲ್ಲಿ ನಾವಿಬ್ಬರೂ ಒಂದೇ ಪೈಕಿ.

ಅಫಜಲಪುರದ ಅಜ್ಜ

ಬೇಸಗೆಯ ಮಾತು. ಅಫಜಲಪುರದ ಹೈಸ್ಕೂಲ್ ಮಾಸ್ತರೊಬ್ಬರು ಫೋನ್ ಮಾಡಿ ಗಾಡಿ ನಿಂತಲ್ಲೇ ಏದುಸಿರು ಬಿಡುತ್ತಿದೆ ಎಂದರು. ಪೈಪಿನದೇ ತೊಂದರೆ ಎಂದು ತಿಳಿದು ಬೇವಿನ ಗಿಡದ ಕೆಳಗಿನ ಕಾರಿನಿಂದ ಒಂದು ಪೈಪು ಬಿಚ್ಚಿದೆ. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

"ಹಾಕಿ ನೋಡೂದಷ್ಟೇ. ಸಂಜೀಕ ಬಿಚ್ಚಿ ತರ್ತೇನಿ" ಎಂದೆ.

"ಹೂಂನ್ರಿ" ಎಂದಳು.

ಅಫಜಲಪುರದಲ್ಲಿ ಮಾಸ್ತರು ಗಾಡಿಯ ಕೀಲಿ ಕೊಟ್ಟು ಸಾಲಿಗೆ ಹೊರಟರು. "ನಮ್ಮಪ್ಪ ಇರ್ತಾರ, ಏನ್ ಬೇಕಾದ್ರೂ ಕೇಳ್ರಿ" ಎಂದು ಹೇಳಿ ಹೋದರು. ಅವರಪ್ಪ ಎಂದರೆ ತಲೆಗೆ ಮಾಸಿದ ಪಟಗಾ ಸುತ್ತಿಕೊಂಡ ಹಣ್ಣಾದ ಅಜ್ಜ. ಕುರ್ಚಿ ಎಳೆದುಕೊಂಡು ಎಂಜಿನ್ನಿನ ಮುಂದೆಯೇ ಕೂತ. ನಾನು ಗಾಡಿ ಚಾಲೂ ಮಾಡಿ ಪೈಪು ಕಿವಿಗಿಟ್ಟೆ. ಅಜ್ಜ ಬಹಳ ಹೊತ್ತು ನನ್ನ ಮುಖ ನೋಡಿದ.

"ಏನ್ ಬರಾಕತ್ತದಪಾ ಅದರಾಗ?"

"ನೀವೂ ಕೇಳ್ರಿ ಅಜ್ಜಾ" ಎಂದು ಚೀಲದಿಂದ ಇನ್ನೊಂದು ಪೈಪು ತೆಗೆದುಕೊಟ್ಟೆ.

ಅಜ್ಜ ಕಿವಿಗೆ ಇಟ್ಟುಕೊಂಡು ಕಣ್ಣು ಮುಚ್ಚಿದ. ಆ ಕಡೆ ಅಜ್ಜ, ಈ ಕಡೆ ನಾನು, ನಡುವೆ ಎಂಜಿನ್ನು. ಬಿಸಿಲು ಅಂಗಳದಲ್ಲಿ ಸುಮ್ಮನೆ ಬಿದ್ದುಕೊಂಡಿತ್ತು. ಸ್ಸ್ಸ್ ಎನ್ನುವ ಆ ದನಿ ನನ್ನನ್ನು ಎತ್ತಿಕೊಂಡು ಎಲ್ಲಿಗೋ ಒಯ್ಯಿತು.

ಮಾಸ್ತರು ಸಾಲಿ ಬಿಟ್ಟು ಬಂದು ನನ್ನ ಭುಜ ಅಲುಗಾಡಿಸಿದಾಗ ನೆರಳು ಅಂಗಳ ದಾಟಿತ್ತು. ಟ್ಯಾಂಕಿನ ಮುಳ್ಳು ಬೆಳಿಗ್ಗೆಯೇ ತಳ ಮುಟ್ಟಿತ್ತು, ಈಗ ಪೆಟ್ರೋಲ್ ತೀರಿ ಎಂಜಿನ್ ತಾನಾಗಿಯೇ ಆರಿಹೋಗಿತ್ತು. ಅಜ್ಜ ಮಾತ್ರ ಪೈಪನ್ನು ಕಿವಿಯಿಂದ ತೆಗೆದಿರಲಿಲ್ಲ.

"ಅಪ್ಪಾ, ಏನ್ ಕೇಳಾಕತ್ತೀರಿ? ಎಂಜಿನ್ ಬಂದ್ ಆಗಿ ಯಾವ ಕಾಲ ಆತೋ!"

ಅಜ್ಜ ಕಣ್ಣು ತೆರೆಯದೆಯೇ ಹೇಳಿದ: "ಅದಕ್ಕ ಈಗ ಛಲೋ ಕೇಳಾಕತ್ತದ."

ಪೆಟ್ರೋಲ್ ತರಿಸಿ, ಸೀಳಿದ್ದನ್ನು ತೆಗೆದು ನಾನು ತಂದಿದ್ದ ಪೈಪು ಹಾಕಿದೆ, ಅದು ಅದೇ ಗಾಡಿಯಲ್ಲಿ ಉಳಿಯಿತು. ಇನ್ನೊಮ್ಮೆ ಬಿಚ್ಚಿ ಅಜ್ಜನ ನೆಮ್ಮದಿ ಕೆಡಿಸಲು ಮನಸ್ಸಾಗಲಿಲ್ಲ.

ಹೆಬ್ಬೆರಳು

ಅದಾದ ಮೇಲೆ ಆಳಂದದಲ್ಲೇ ನಮ್ಮ ಓಣಿಯ ಒಂದು ಮದುವೆ. ಮದುಮಗನ ಕಾರು ಹನುಮಪ್ಪನ ಗುಡಿಯ ಮುಂದೆ ನಿಂತಿತ್ತು. ಮದುಮಗ ಕೈಮುಗಿಯಲು ಒಳಗೆ ಹೋಗಿದ್ದ, ಹೊರಗೆ ಹಲಗಿ ಬಾರಿಸುವವರು ಬಾರಿಸುತ್ತಿದ್ದರು, ಹುಡುಗರು ಧೂಳೆಬ್ಬಿಸಿ ಕುಣಿಯುತ್ತಿದ್ದರು. ನಾನೂ ಹೆಂಡತಿಯೂ ಮೆರವಣಿಗೆಯಲ್ಲಿದ್ದೆವು. ನನ್ನ ಕಿವಿ ಮಾತ್ರ ಹಲಗಿಯ ಕಡೆ ಇರಲಿಲ್ಲ. ಚಾಲೂ ಇದ್ದ ಆ ಕಾರು ಊಂ ಎಂದು ಏರುತ್ತಿತ್ತು, ಉಸ್ಸೆಂದು ಇಳಿಯುತ್ತಿತ್ತು.

"ಬ್ಯಾಡ್ರಿ" ಎಂದಳು ಹೆಂಡತಿ. ನಾನಿನ್ನೂ ಒಂದು ಹೆಜ್ಜೆಯೂ ಇಟ್ಟಿರಲಿಲ್ಲ, ಅವಳಿಗೆ ನನ್ನ ಮುಖ ಗೊತ್ತು.

ಡ್ರೈವರನಿಗೆ ಹೇಳಿ ಬಾನೆಟ್ಟು ಎತ್ತಿಸಿದೆ. ಒಂದು ಪೈಪು ಬುಡದಲ್ಲೇ ಹರಿದುಬಿದ್ದು ತೂತು ಬಾಯಿ ಬಿಟ್ಟುಕೊಂಡಿತ್ತು. ಹೆಬ್ಬೆರಳು ತೂತಿನ ಮೇಲಿಟ್ಟೆ. ಎಂಜಿನ್ ತಕ್ಷಣ ಶಾಂತವಾಯಿತು. ಅದೇ ಹೊತ್ತಿಗೆ ಹಲಗಿಯೂ ನಿಂತಿತು.

ಕುಣಿಯುತ್ತಿದ್ದವರು ಒಂದು ಕಾಲು ಮೇಲೆತ್ತಿಕೊಂಡೇ ನಿಂತರು. ಹಲಗಿಯವನು ತನ್ನ ಕೈ ನೋಡಿಕೊಂಡ. ನಾನು ಬೆರಳು ತೆಗೆದೆ. ಎಂಜಿನ್ ಊಂ ಎಂದಿತು, ಹಲಗಿ ಢಣಕ್ಕೆಂದಿತು, ಕುಣಿತ ಶುರುವಾಯಿತು. ಬೆರಳು ಇಟ್ಟೆ, ಎಲ್ಲ ನಿಂತಿತು. ಅವರಿಗೇ ತಿಳಿಯದಂತೆ ಅವರೆಲ್ಲ ಆ ಎಂಜಿನ್ನಿನ ಏರಿಳಿತಕ್ಕೆ ತಾಳ ಕೂಡಿಸಿಕೊಂಡಿದ್ದರು. ನನಗೆ ಒಂದು ಕ್ಷಣ ಊರಿಗೆ ಊರೇ ನನ್ನ ಹೆಬ್ಬೆರಳ ಕೆಳಗೆ ಕುಣಿಯುತ್ತಿದೆ ಎನಿಸಿತು. ಎಷ್ಟು ಸಲ ಇಟ್ಟು ತೆಗೆದೆನೋ ನೆನಪಿಲ್ಲ.

ಕೊನೆಗೊಮ್ಮೆ ಕಸುಬು ನೆನಪಾಗಿ, ಮನೆ ಹತ್ತಿರವೇ ಇದ್ದದ್ದರಿಂದ ಓಡಿಹೋಗಿ ಬೇವಿನ ಗಿಡದ ಕೆಳಗಿನ ಕಾರಿನಿಂದ ಇನ್ನೊಂದು ಪೈಪು ಬಿಚ್ಚಿ ತಂದೆ. ಇಳಕಲ್ ಸೀರೆ ಉಟ್ಟ ಹೆಂಡತಿ ದಾರಿಯಲ್ಲೇ ಎದುರಾದಳು.

"ಹಾಕಿ ನೋಡೂದಷ್ಟೇ. ಮೆರವಣಿಗಿ ಮುಗದ ಮ್ಯಾಲ ಬಿಚ್ಚಿ ತರ್ತೇನಿ."

"ಹೂಂ" ಎಂದಳು. ಈ ಸಲ "ರಿ" ಬಿದ್ದುಹೋಗಿತ್ತು.

ಪೈಪು ಕೂಡಿಸಿದೆ. ಎಂಜಿನ್ ಹಾಲು ಕುಡಿದ ಕೂಸಿನ ಹಾಗೆ ತಣ್ಣಗಾಯಿತು. ಹಲಗಿಯವರು ತಾಳ ಹುಡುಕಿದರು, ಸಿಗಲಿಲ್ಲ. ಹುಡುಗರು ಸೊಂಟದ ಮೇಲೆ ಕೈಯಿಟ್ಟು ನಿಂತರು. ಮದುಮಗನ ಸೋದರಮಾವ ಗುಂಪು ಸೀಳಿಕೊಂಡು ಬಂದ. ಭೇಷ್ ಎನ್ನಲು ಬಂದನೆಂದು ನಾನು ಕೈ ಒರೆಸಿಕೊಂಡೆ.

"ಯಾಂವಲೇ ಅಂವ ರಿಪೇರಿ ಮಾಡ್ದಾಂವ?" ಎಂದ. "ಮೊದಲಿನಂಗ ಕೆಡಸು!"

ಗಾಣಗಾಪುರದಲ್ಲಿ ಒಂದು ಗೇಣು ಪೈಪು

ಮಳೆ ಬಿತ್ತು. ತೊಗರಿ ಮೊಣಕಾಲುದ್ದ ಎದ್ದು ನಿಂತಿತು. ಹೆಂಡತಿ ಪಂಚಮಿಗೆಂದು ಎಳ್ಳು ಹಸನು ಮಾಡಲು ಕೂತಳು. ನಾನು ಅವಳ ಕಾರಿಗೆ ಹೊಸ ಪೈಪುಗಳನ್ನೆಲ್ಲ ತಂದು ಹಾಕಿದೆ. ಗಾಡಿ ಒಂದು ದಿನ ಓಡಿತು ಕೂಡ: ಅವಳು ಜಿಡಗಾದ ತನಕ ಹೊಡೆದುಕೊಂಡು ಹೋಗಿ ಬಂದಳು. ಬಂದವಳು ಕೀಲಿಯನ್ನು ದೇವರ ಮುಂದಿಟ್ಟು ಕೈಮುಗಿದಳು. ಆ ಮುಖ ನೋಡಿ ನನಗೆ ಸಂತೋಷವೂ ಆಯಿತು, ಒಂದು ನಮೂನೆಯ ಅಂಜಿಕೆಯೂ ಆಯಿತು.

ಆಗಲೇ ಗಾಣಗಾಪುರದಿಂದ ಫೋನ್ ಬಂತು. ಸೊಲ್ಲಾಪುರ ಕಡೆಯ ಕುಟುಂಬವೊಂದು ದತ್ತನ ದರ್ಶನಕ್ಕೆ ಬಂದಿದೆ, ಊರಾಚೆ ನದಿ ಸಂಗಮದ ದಂಡೆಯಲ್ಲಿ ಗಾಡಿ ಕೈಕೊಟ್ಟಿದೆ. ಸೆನ್ಸರಿನ ಅನುಮಾನ. ನಾನು ಬಾನೆಟ್ಟು ಎತ್ತಿ ಹೆಂಡತಿಯ ಕಡೆ ನೋಡಿದೆ.

"ಹಾಕಿ ನೋಡೂದಷ್ಟೇ…"

ಈ ಸಲ ಅವಳು ಹೂಂ ಎಂದೂ ಅನ್ನಲಿಲ್ಲ. ಮೊರದ ಎಳ್ಳು ಮಾತ್ರ ಜೋರಾಗಿ ಹಾರಿತು.

ಸಂಗಮದಲ್ಲಿ ಯಜಮಾನರು, ಅವರ ಹೆಂಡತಿ, ನಡೆಯಲಾರದ ಅವರ ತಾಯಿ ಮೂವರೂ ಸಪ್ಪೆ ಮುಖ ಹಾಕಿಕೊಂಡು ಕೂತಿದ್ದರು. ಗಾಣಗಾಪುರಕ್ಕೆ ಬಂದವರು ಮಧ್ಯಾಹ್ನ ಐದು ಮನೆ ಮಧುಕರಿ ಬೇಡಿ, ಬಂದ ಅನ್ನವನ್ನು ಪ್ರಸಾದವೆಂದು ಉಣ್ಣಬೇಕು, ಅದೇ ಅವರ ಹರಕೆ. ಊರು ದೂರ, ಹೊತ್ತು ಮೀರುತ್ತಿತ್ತು. ನಾನು ನಮ್ಮ ಸೆನ್ಸರ್ ಕೂಡಿಸಿದೆ, ಗಾಡಿ ಅರ್ಧ ಸುಧಾರಿಸಿತು. ಅವರ ಸೆನ್ಸರ್ ಸತ್ತಿದ್ದು ನಿಜ, ಜೊತೆಗೆ ಒಂದು ಪೈಪೂ ಸೀಳಿತ್ತು. ನನ್ನ ಬಳಿ ಪೈಪು ಇರಲಿಲ್ಲ. ಹೆಗಲಿಗೆ ಚೀಲ ಹಾಕಿಕೊಂಡು ಬೈಕ್ ಮೇಲೆ ಊರೊಳಗೆ ಹೋದೆ.

ಅಂಗಡಿಗಳು ಮುಚ್ಚಿದ್ದವು. ಮೊದಲನೆಯ ಮನೆಯ ಬಾಗಿಲಲ್ಲಿ ನಿಂತು, "ತಾಯಿ, ಒಂದು ಗೇಣು…" ಎನ್ನುವಷ್ಟರಲ್ಲಿ ಒಳಗಿಂದ ಬಂದ ತಾಯಿ ನನ್ನ ಚೀಲದ ಬಾಯಿ ಅಗಲಿಸಿ ಎರಡು ಚಪಾತಿ ಹಾಕಿ ಒಳಗೆ ಹೋದಳು. ಮಧ್ಯಾಹ್ನದ ಹೊತ್ತು ಗಾಣಗಾಪುರದಲ್ಲಿ ಚೀಲ ಹಿಡಿದು ನಿಂತವನನ್ನು ಯಾರೂ ಏನು ಬೇಕೆಂದು ಕೇಳುವುದಿಲ್ಲ. ಎರಡನೆಯ ಮನೆಯಲ್ಲಿ ಬಾಳೆಲೆಯಲ್ಲಿ ಕಟ್ಟಿದ ಅನ್ನ ಬಂತು, ಮೂರನೆಯದರಲ್ಲಿ ಪಲ್ಯ. ನಾಲ್ಕನೆಯ ಮನೆಗೆ ಬರುವ ಹೊತ್ತಿಗೆ ನಾನು ಬಾಯಿ ತೆರೆಯುವುದನ್ನೇ ಬಿಟ್ಟಿದ್ದೆ. ಗಂಟೆಯ ದನಿ ತೇಲಿ ಬರುತ್ತಿತ್ತು, ಬೀದಿಯ ತುಂಬ ತುಪ್ಪದ ವಾಸನೆ. ನಾನು ಯಾತಕ್ಕೆ ಬಂದವನು ಎನ್ನುವುದೇ ಮಸುಕಾಗಿ, ಹುಟ್ಟಿದಾಗಿನಿಂದ ಹೀಗೆಯೇ ತಿರುಗುತ್ತಿದ್ದೇನೆ ಎನ್ನಿಸತೊಡಗಿತು.

ಐದನೆಯ ಮನೆಯ ಮುದುಕಿ ಹುಗ್ಗಿ ಹಾಕಿದಳು. ನಾನು ಆರನೆಯದರ ಕಡೆ ತಿರುಗಿದ್ದನ್ನು ಕಂಡು ಗದರಿದಳು. "ಐದ ಮನಿ ಆದುವಲ್ಲೋ, ಮತ್ತೆಲ್ಲಿ ಹೊಂಟಿ? ಆಸಿ ಇರಬಾರದು."

"ಆಯಿ, ನನಗ ಅನ್ನ ಬ್ಯಾಡ. ಒಂದು ಗೇಣು ಪೈಪ್ ಬೇಕಾಗ್ಯಾದ."

"ಮದಲ ಬಾಯಿ ಬಿಟ್ಟು ಹೇಳಬಾರದೇನು?" ಎಂದು ಒಳಗೆ ಹೋಗಿ, ಮಳೆಗಾಲವೆಂದು ಮೂಲೆಗೆ ಸರಿಸಿದ್ದ ಕೂಲರಿನಿಂದ ನೀರಿನ ಸಣ್ಣ ಪೈಪನ್ನು ಕತ್ತರಿಸಿ ತಂದು ಚೀಲಕ್ಕೆ ಹಾಕಿದಳು. ಹುಗ್ಗಿಯ ಮೇಲೆ.

ಸಂಗಮಕ್ಕೆ ಬಂದು ಪೈಪು ಹುಡುಕಲು ಚೀಲ ಬಿಚ್ಚಿದೆ. ಯಜಮಾನರ ತಾಯಿ ಒಳಗೆ ಇಣುಕಿ ಎರಡೂ ಕೈ ಮುಗಿದರು. "ಎಷ್ಟ ಮನಿವು?" ಎಂದು ಕೇಳಿದರು. "ಐದು" ಎಂದೆ. ಅಷ್ಟೇ, ಆಮೇಲೆ ಯಾರೂ ಗಾಡಿಯ ಸುದ್ದಿ ಎತ್ತಲಿಲ್ಲ. ನಾನು ತಂದ ಚೀಲದಿಂದಲೇ ನನಗೂ ಒಂದು ತುತ್ತು ಪ್ರಸಾದ ಕೊಟ್ಟರು. ನಾನು ಪೈಪು ತೊಳೆದು ಕೂಡಿಸಿದೆ. ಹುಗ್ಗಿ ಉಂಡ ಹೊಟ್ಟೆ, ನದಿಯ ಗಾಳಿ, ಅತ್ತಿಮರದ ನೆರಳು. ಗಾಡಿ ಹೋಗುವುದನ್ನು ಅರೆಗಣ್ಣಿನಲ್ಲಿ ನೋಡಿ ಕೈಯೆತ್ತಿ ಬೀಳ್ಕೊಟ್ಟೆ. ಅದು ರಸ್ತೆಯ ತಿರುವಿನಲ್ಲಿ ಮರೆಯಾದ ಮೇಲೆ ಹೆಂಡತಿಯ ಸೆನ್ಸರ್ ಅದರಲ್ಲೇ ಹೋಯಿತೆಂದು ಹೊಳೆಯಿತು.

ಮನೆಗೆ ಬಂದು ಇದ್ದದ್ದು ಇದ್ದ ಹಾಗೆ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಐದ ಮನಿ ಅಂತ ಯಾಕ ಹೇಳಿದ್ರಿ?" ಎಂದಳು. "ಸೆನ್ಸರ್ ನೀಡಿದ ಈ ಮನಿ ಸೇರಿ ಆರು ಅನ್ರಿ."

ಪಂಚಮಿ

ಕಲಬುರಗಿಯ ಅಂಗಡಿಯವನು ಹೊಸ ಸೆನ್ಸರ್ ಹೈದರಾಬಾದಿನಿಂದ ಬರಬೇಕು, ಹಬ್ಬ ಆದ ಮೇಲೆಯೇ ಎಂದ. ಹೆಂಡತಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿದ್ದೆ. ಅವಳು ಓಡದ ಆ ಕಾರನ್ನು ತೊಳೆದು ಒರೆಸಿ, ಟಾಪಿನ ಮೇಲಿಂದ ಕೋಳಿಯನ್ನು ಇಳಿಸಿದಳು.

ಹಬ್ಬಕ್ಕೆ ಕರೆಯಲು ಬೆಳಿಗ್ಗೆಯೇ ಅವಳ ತಮ್ಮ ಬಂದ. ಅವನದೂ ಅದೇ ಕಂಪನಿಯ ಅದೇ ಮಾದರಿಯ ಕಾರು, ಕೆಂಪು ಬಣ್ಣದ್ದು. ನಾನೇ ನೋಡಿ ಕೊಡಿಸಿದ್ದು. ಇಳಿಯುತ್ತಲೇ ಬೇವಿನ ಗಿಡದ ಕಡೆ ನೋಡಿ ನಕ್ಕ.

"ಅಕ್ಕಾ, ಈ ವರ್ಷ ನೀನ ಗಾಡಿ ಹೊಡಕೊಂಡ್ ಬರಾಕಿ ಇದ್ದೆಲ್ಲಾ? ಕೋಳಿ ಸೀಟ್ ಬಿಟ್ಟುಕೊಡಲಿಲ್ಲೇನು?"

"ಕೈಕಾಲ ತೊಳಕೊಂಡ್ ನಾಷ್ಟಾ ಮಾಡು ಬಾ" ಎಂದಳು ಅಕ್ಕ, ಬಹಳ ಪ್ರೀತಿಯಿಂದ.

ನಾಷ್ಟಾ ಎಂದರೆ ಅಂಥಿಂಥ ನಾಷ್ಟಾ ಅಲ್ಲ. ಸುಸಲಾ, ಬಿಸಿ ಭಜಿ, ಅದರ ಮೇಲೆ ಶೇಂಗಾ ಉಂಡಿ, ಎಳ್ಳುಂಡಿ. ನಾವು ಸಾಕು ಎಂದಷ್ಟೂ ಅವಳು ಬಡಿಸಿದಳು. ಆಮೇಲೆ, "ಚಹಾಕ್ಕ ಹಾಲ ಇಟ್ಟ ಬರ್ತೇನಿ, ಏಳಬ್ಯಾಡ್ರಿ" ಎಂದು ಹೋದಳು. ತಮ್ಮ ಗೋಡೆಗೆ ಒರಗಿದ. ನನ್ನ ಕಣ್ಣೂ ಜೋಲುತ್ತಿತ್ತು. ಎಲ್ಲೋ ಬಾನೆಟ್ಟು ಎತ್ತಿದ ಸದ್ದು, ಸ್ಪ್ಯಾನರ್ ಕಿಣಿ ಎಂದದ್ದು ಕೇಳಿಸಿತು. ಇಂಥ ಸದ್ದು ನನಗೆ ನಿದ್ದೆಯಲ್ಲಿ ದಿನಾ ಕೇಳಿಸುತ್ತಿರುತ್ತದೆ. ಅದರ ಹಿಂದೆಯೇ ಒಂದು ಎಂಜಿನ್ ಚಾಲೂ ಆಯಿತು. ಏರುವುದಿಲ್ಲ, ಇಳಿಯುವುದಿಲ್ಲ, ಒಂದೇ ಸಮನೆ. ಎಷ್ಟು ಛಂದದ ಕನಸು ಎಂದುಕೊಂಡೆ.

ಹಾರ್ನ್ ಕೇಳಿಸಿತು. ಇಬ್ಬರೂ ಹೊರಗೆ ಓಡಿದೆವು. ಬಿಳಿ ಕಾರು ಬೇವಿನ ಗಿಡದ ಕೆಳಗಿನಿಂದ ರಸ್ತೆಗೆ ಬಂದು ನಿಂತಿತ್ತು. ಸ್ಟೇರಿಂಗ್ ಹಿಂದೆ ಹೆಂಡತಿ, ತಲೆಯ ತುಂಬ ಮಲ್ಲಿಗೆ, ಮೂಗಿನ ಮೇಲೆ ಗ್ರೀಸು.

"ಮಾಮಾ, ಇದು ಹೆಂಗ ಓಡಾಕತ್ತದ?" ಎಂದ ತಮ್ಮ.

ನಾನು ಅವನ ಕೆಂಪು ಕಾರಿನ ಬಾನೆಟ್ಟು ಎತ್ತಿದೆ. ಸೆನ್ಸರ್ ಇರಬೇಕಾದ ಜಾಗ ಖಾಲಿ. ವೈರಿನ ತುದಿಗೆ ಧೂಳು ಹೋಗದ ಹಾಗೆ ಒಂದು ಬಟ್ಟೆಯ ಚೂರು ಸುತ್ತಿ ಹೂವಿನ ದಾರದಿಂದ ಕಟ್ಟಿತ್ತು. ಇಷ್ಟು ಅಚ್ಚುಕಟ್ಟಾಗಿ ನಾನು ಯಾವತ್ತೂ ಬಿಚ್ಚಿದವನಲ್ಲ.

"ಅಕ್ಕಾ! ಅದು ನಂದು!"

"ನಿಂದ ಅಲ್ಲ ಅಂದವರ್ಯಾರು?" ಎಂದಳು. "ಹಾಕಿ ನೋಡೂದಷ್ಟೇ. ಹಬ್ಬ ಮುಗದ ಮ್ಯಾಲ ಬಿಚ್ಚಿ ತರ್ತೇನಿ."

ತಮ್ಮ ನನ್ನ ಮುಖ ನೋಡಿದ. ಇದು ಕಸುಬಿನ ಮಾತು, ನಾನು ಏನೆಂದು ಎದುರಾಡಲಿ? ಬಾಗಿಲು ತೆಗೆದು ಅವಳ ಪಕ್ಕದಲ್ಲಿ ಕೂತೆ. ಅವನು ಉಂಡಿಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತ. ಹೊರಡುವಾಗ ತಿರುಗಿ ನೋಡಿದರೆ ಕೋಳಿ ಕೆಂಪು ಕಾರಿನ ಬಾನೆಟ್ಟು ಹತ್ತುತ್ತಿತ್ತು.

ಕಡಗಂಚಿ ಹಿಂದೆ ಬಿತ್ತು, ಕಲಬುರಗಿ ದಾಟಿದೆವು. ಎರಡೂ ಕಡೆ ತೊಗರಿ ಹಸಿರು, ಮೇಲೆ ತೇಲುವ ಮೋಡ. ನಾನು ಜೇಬಿನಿಂದ ಪೈಪು ತೆಗೆದು ಕಿವಿಗಿಟ್ಟು ಡ್ಯಾಶ್‌ಬೋರ್ಡಿಗೆ ಹಿಡಿದೆ.

"ಏನರೆ ಕೇಳಸ್ತೇನ್ರಿ?" ಎಂದಳು.

"ಏನೂ ಇಲ್ಲ."

"ಹಂಗಾದ್ರ ಒಳಗ ಇಡ್ರಿ. ಬ್ರಿಜ್ ಬಂತು."

ಭೀಮೆ ಕೆಂಪಗೆ ದಂಡೆ ತುಂಬಿ ಹರಿಯುತ್ತಿದ್ದಳು. ನಿಂತ ಕಾರಿನಲ್ಲಿ ಅವಳು ಎಷ್ಟೋ ಮಧ್ಯಾಹ್ನ ದಾಟಿದ ಸೇತುವೆ. ಈ ಸಲ ನೀರೆಷ್ಟಿತ್ತು ಎಂದು ನಾನು ಕೇಳಬೇಕಾಗಿರಲಿಲ್ಲ. ಅವಳ ಕಣ್ಣಲ್ಲೂ ಸ್ವಲ್ಪ ಇತ್ತು, ನನ್ನ ಕಣ್ಣಲ್ಲೂ.

ತವರಿನ ಬಾಗಿಲಲ್ಲಿ ಅತ್ತೆ ಕಾಯುತ್ತ ನಿಂತಿದ್ದರು. ಅಂಗಳದ ಬೇವಿಗೆ ಜೋಕಾಲಿಯ ಹಗ್ಗ ಆಗಲೇ ಕಟ್ಟಿತ್ತು. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, ಹಿಂದಿನ ಸೀಟಿನಿಂದ ಡಬ್ಬಿ ಹಿಡಿದು ಇಳಿದ ಮಗನನ್ನು ವರ್ಷವರ್ಷವೂ ಕೇಳುವ ಹಾಗೆಯೇ ಕೇಳಿದರು. "ಬಂದೇನಪಾ? ಅಕ್ಕನ್ನ ಕರಕೊಂಡ್ ಬಂದಿ?"

ತಮ್ಮ ಒಮ್ಮೆ ಅಕ್ಕನ ಕಡೆ, ಒಮ್ಮೆ ಕಾರಿನ ಕಡೆ ನೋಡಿದ.

"ಇಲ್ಲವ್ವಾ. ಅಕ್ಕನೇ ನನ್ನ ಕರಕೊಂಡ್ ಬಂದಾಳ."

ಅತ್ತೆ ಅವನ ಕೈಯಿಂದ ಡಬ್ಬಿ ಇಸಿದುಕೊಂಡು ಹೇಳಿದರು: "ಹಂಗಾದ್ರ ಈ ಸಲ ಜೋಕಾಲಿ ನೀನ ಆಡಪಾ."